ಬಕೆಟ್ಟಿನ ಕೆಳಗೆ

2018ರ ಮೇ ತಿಂಗಳಿನಲ್ಲಿ ಮೂರು ದಿನ ನನ್ನ ವ್ಯಾನಿಟಿ ಬ್ಯಾಗಿನೊಳಗೆ ಎಣ್ಣೆ ಜಿನುಗುವ ಒಂದು ರಬ್ಬರ್ ಪೈಪಿನ ತುಂಡು ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಹಳೆಯ ಟವೆಲ್ಲಿನ ಚೂರು ಕಟ್ಟಿ ಇಟ್ಟುಕೊಂಡಿದ್ದೆ. ಆದರೂ ಕನ್ನಡಕದ ಪೆಟ್ಟಿಗೆ, ಬ್ಯಾಂಕಿನ ಪಾಸ್‌ಬುಕ್ಕು, ಕುಂಕುಮದ ಭರಣಿ ಎಲ್ಲಕ್ಕೂ ಅದರ ವಾಸನೆ ಅಂಟಿತು. ನೆರೆಮನೆಯವರ ಮಗಳ ಸೀಮಂತಕ್ಕೆ ಅದೇ ಬ್ಯಾಗು ಹಿಡಿದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಕುಳಿತವರೊಬ್ಬರು ಮೂಗು ಅರಳಿಸಿ, "ಯಾರದ್ದೋ ಸ್ಕೂಟರ್ ಸೋರ್ತಾ ಇರ್ಬೇಕು ಕಣ್ರೀ" ಅಂದರು. ನಾನೂ ಹೌದೆಂದು ತಲೆಯಾಡಿಸಿ ಕೋಸಂಬರಿ ತಿಂದು ಬಂದೆ.

ನಮ್ಮ ಮನೆ ಶಿವಮೊಗ್ಗದಲ್ಲಿ, ತೋಟ ಆಯನೂರಿನಿಂದ ಆಚೆ. ಮೂರೂವರೆ ಎಕರೆ ಅಡಿಕೆ, ಒಂದಿಷ್ಟು ಗದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ತೋಟದ ಉಸಾಬರಿ ನಮ್ಮವರದು. ನನ್ನ ಪಾಲಿಗೆ ಬರುತ್ತಿದ್ದುದು ಹಲಸಿನಕಾಯಿ, ಬಾಳೆಕಾಯಿ ಮತ್ತು ಕೆಸರಾದ ಪಂಚೆಗಳು. ಆದರೆ ಆ ವರ್ಷ ಮಾರ್ಚಿಯಲ್ಲಿ ಅವರ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ, ಮಂಚದ ಮೇಲಿಂದಲೇ ಫೋನಿನಲ್ಲಿ ರಾಜ್ಯಭಾರ ಮಾಡುವಂತಾಯಿತು. ಮಂತ್ರಿ, ಸೇನಾಪತಿ, ಓಲೆಕಾರ ಎಲ್ಲ ನಾನೇ.

ಅಡಿಕೆ ತೋಟದವರಿಗೆ ಗೊತ್ತು, ಮೇ ತಿಂಗಳು ಎಂದರೆ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವಂಥ ತಿಂಗಳು. ಮಳೆ ಹಿಡಿಯುವುದರೊಳಗೆ ಗೊಬ್ಬರ, ಕೆರೆಗೋಡು ಮರದ ಬುಡಕ್ಕೆ ಬಿದ್ದಿರಬೇಕು. ಆ ಸಲ ಊರಿನ ಕೆರೆ ಪೂರ್ತಿ ಒಣಗಿತ್ತು. ಹೂಳು ಹೊಡೆದುಕೊಳ್ಳಲು ಊರವರೆಲ್ಲ ಸಾಲು ಹಚ್ಚಿದ್ದರು. ನಮ್ಮಲ್ಲಿ ಒಂದು ಹಳೆಯ ಎಚ್ಎಂಟಿ 5911 ಟ್ರಾಕ್ಟರ್ ಇದೆ. ನಮ್ಮವರು ಅದನ್ನು ಕೊಂಡಾಗಲೇ ಅದಕ್ಕೆ ಎರಡನೆಯ ಮದುವೆ. ಮುಂದೆ ಮಣ್ಣು ಎತ್ತುವ ಲೋಡರನ್ನು ಆಮೇಲೆ ಯಾವುದೋ ವರ್ಕ್‌ಶಾಪಿನಲ್ಲಿ ಮಾಡಿಸಿ ಕೂರಿಸಿದ್ದು. ಎರಡು ಕೈ, ತುದಿಗೆ ಕಬ್ಬಿಣದ ಬಕೆಟ್ಟು. ಹನುಮಂತ ಸಂಜೀವಿನಿ ಎತ್ತಿದ ಹಾಗೆ ಗೋಡನ್ನು ಎತ್ತಿ ಟ್ರೇಲರಿಗೆ ಹಾಕುತ್ತದೆ. ಅದು ಎತ್ತುವುದು ಎಣ್ಣೆಯ ಬಲದಿಂದ, ಆ ಎಣ್ಣೆ ಓಡಾಡುವುದು ರಬ್ಬರ್ ಪೈಪುಗಳಲ್ಲಿ. ಅಂಥ ಪೈಪೊಂದು ಹದಿನಾಲ್ಕನೆಯ ತಾರೀಖು ಬೆಳಿಗ್ಗೆ ಫಟ್ಟೆಂದು ಒಡೆಯಿತು.

ಡ್ರೈವರು ಫೋನು ಮಾಡಿ, "ಅಮ್ಮಾ, ಪ್ರೆಷರ್ ಪೈಪ್ ಹೋಯ್ತು. ಬಕೆಟ್ ದಬಕ್ಕಂತ ಕೂತ್ಕೊಂಡ್‌ಬಿಡ್ತು" ಅಂದ.

"ಯಾರಿಗೂ ಏನೂ ಆಗಲಿಲ್ಲ ತಾನೆ?"

"ಇಲ್ಲಮ್ಮ. ಎಣ್ಣೆ ಮಾತ್ರ ಎಲ್ಲಾ ನೆಲದ ಪಾಲು."

ನನಗೆ ಆಗ ಎದೆ ಧಸಕ್ಕೆಂದದ್ದು ಎಣ್ಣೆಯ ಬೆಲೆಗೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೊಸ ಪೈಪು ತರುವುದೆಂದರೆ ಎಷ್ಟು ಹೊತ್ತಿನ ಮಾತು, ಕುಕ್ಕರಿನ ಗ್ಯಾಸ್ಕೆಟ್ ತಂದ ಹಾಗೆ ಎಂದುಕೊಂಡು ಹೊರಟೆ. ಮೊದಲ ಅಂಗಡಿಯವರು ಟ್ರಾಕ್ಟರಿನ ಹೆಸರು ಕೇಳಿದ ಕೂಡಲೇ ಕೈಮುಗಿದರು. ಎಚ್ಎಂಟಿಯವರು ಝೆಟರ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು 1971ರಲ್ಲಿ ಪಿಂಜೋರಿನಲ್ಲಿ ಟ್ರಾಕ್ಟರ್ ಕಟ್ಟಲು ಶುರುಮಾಡಿದವರು. 2016ರಲ್ಲಿ ಕೇಂದ್ರ ಸರ್ಕಾರ ಆ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ವಾಚಿನ ಕಾರ್ಖಾನೆಗಳ ಕತೆಯೂ ಅದೇ ವರ್ಷ ಮುಗಿಯಿತು. ನನ್ನ ಕೈಯಲ್ಲಿದ್ದ ಎಚ್ಎಂಟಿ ವಾಚನ್ನು ನೋಡಿಕೊಂಡೆ. ಕೆಲಸಕ್ಕೆ ಸೇರಿದ ವರ್ಷ ಅಪ್ಪ ಕೊಡಿಸಿದ್ದು, ಈಗಲೂ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಓಡುತ್ತದೆ. ಹೆತ್ತ ಮನೆ ಮುಚ್ಚಿಹೋದ ಮೇಲೂ ದುಡಿಯುವ ಹೆಣ್ಣುಮಕ್ಕಳ ಹಾಗೆ ಇವು ಅಂತ ಏನೇನೋ ಹೊಳೆಯಿತು. ಅಂಗಡಿಯವರಿಗೆ ಅದೆಲ್ಲ ಹೇಳುವಂತಿರಲಿಲ್ಲ.

ಎರಡನೆಯ ಅಂಗಡಿಯಲ್ಲಿ ಹುಡುಗನೊಬ್ಬ ತುಂಡನ್ನು ತಿರುಗಿಸಿ ನೋಡಿ, ತೋಟಕ್ಕೆ ನೀರು ಬಿಡುವ ದಪ್ಪ ಪೈಪು ತೋರಿಸಿದ. "ಎರಡು ಕಡೆ ಕ್ಲಾಂಪ್ ಹಾಕ್ಕೊಳ್ಳಿ ಆಂಟಿ, ನಡೀತದೆ." ಮೂರನೆಯ ಕಡೆ ಸಿಕ್ಕವರು ವೆಲ್ಡಿಂಗಿನವರು. ಪೈಪನ್ನೇ ತೆಗೆದು ಕಬ್ಬಿಣದ ಕೊಳವೆ ಬೆಸೆದುಕೊಡುತ್ತೇನೆ ಎಂದರು. ಲೋಡರಿನ ಕೈ ಮೇಲೆ ಕೆಳಗೆ ಆಡಬೇಕಲ್ಲ, ಕಬ್ಬಿಣ ಹೇಗೆ ಬಾಗೀತು ಎಂದು ಕೇಳಿದ್ದಕ್ಕೆ, ಇಷ್ಟೆಲ್ಲ ಪ್ರಶ್ನೆ ಹೆಂಗಸರಿಗೆ ಯಾಕೆ ಎನ್ನುವಂತೆ ನೋಡಿದರು. ಬೆಂಗಳೂರಿಗೆ ಕಳಿಸಿ ಮಾಡಿಸಬೇಕು, ಹದಿನೈದು ದಿನವಾದರೂ ಆಗುತ್ತದೆ ಎಂದವರು ಇನ್ನೊಬ್ಬರು. ಹದಿನೈದು ದಿನಕ್ಕೆ ಕೆರೆಯಲ್ಲಿ ನೀರೇ ನಿಂತಿರುತ್ತಿತ್ತು.

ದಾರಿ ತೋರಿಸಿದ್ದು ಒಬ್ಬ ಚಹಾ ಅಂಗಡಿಯಾಕೆ. ಬಿಸಿಲಿಗೆ ಸೋತು ಅವಳ ಬೆಂಚಿನ ಮೇಲೆ ಕುಳಿತು ತುಂಡನ್ನು ಹೊರಗೆ ತೆಗೆದಿದ್ದೆ. "ಅಯ್ಯ, ಇದು ಜೆಸಿಬಿ ಹುಡುಗ್ರು ತರ್ತಾರಲ್ಲ ಅದಲ್ವೇನಕ್ಕ! ಅವರನ್ನ ಕೇಳಿ. ಅವರಿಗೆ ವಾರಕ್ಕೊಂದು ಒಡೀತದೆ" ಎಂದಳು. ಎದುರಿಗೇ ಒಂದು ಜೆಸಿಬಿ ನಿಂತಿತ್ತು. ಅದರ ಹುಡುಗ ತಲೆ ಎತ್ತದೆಯೇ, ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಇಂಥ ಸಾಲು, ಇಂಥ ಮೂಲೆ ಎಂದು ಹೇಳಿದ. ದಿನವೂ ನಾನು ಆ ರಸ್ತೆಯಲ್ಲೇ ತೋಟಕ್ಕೆ ಹೋಗಿಬರುತ್ತಿದ್ದೆ.

ಅಂಗಡಿ ಎಂದರೆ ಒಂದು ಶಟರು. ಗೋಡೆಯ ತುಂಬ ಸುರುಳಿ ಸುತ್ತಿದ ಕರೀ ಪೈಪು, ಡಬ್ಬಗಳಲ್ಲಿ ನಟ್ಟು ನಿಪ್ಪಲ್ಲುಗಳು, ನಡುವೆ ಪೈಪಿನ ತುದಿಗೆ ಕಬ್ಬಿಣದ ಬಳೆ ತೊಡಿಸಿ ಸುತ್ತಲಿಂದಲೂ ಅಮುಕುವ ಒಂದು ಯಂತ್ರ. ಅಂಗಡಿಯವರು ಐವತ್ತರ ಆಸುಪಾಸಿನವರು. ನನ್ನ ಕೈಯಿಂದ ತುಂಡನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸಿ, ಕನ್ನಡಕ ಏರಿಸಿ, ಅದರ ಮೈಮೇಲಿನ ಅಳಿಸಿದ ಅಕ್ಷರಗಳನ್ನು ಓದತೊಡಗಿದರು. ಪೈಪಿನ ಮೇಲೆ ಓದುವಂಥದ್ದು ಏನಾದರೂ ಇರುತ್ತದೆ ಎಂದು ನನಗೆ ಅಲ್ಲಿಯ ತನಕ ತಿಳಿದಿರಲಿಲ್ಲ.

"ಇದು ಒಂದು ವೈರಿಂದು, ಮೇಡಂ. ಲೋಡರಿಗೆ ಇದನ್ನ ಹಾಕಿದೋರು ಯಾರು?"

ಚಾಕುವಿನಿಂದ ಸೀಳಿ ತೋರಿಸಿದರು. ಒಳಗೆ ಎಣ್ಣೆಗೆ ಉಬ್ಬದ ಜಾತಿಯ ರಬ್ಬರು, ಅದರ ಮೇಲೆ ಜಡೆ ಹೆಣೆದ ಹಾಗೆ ಉಕ್ಕಿನ ತಂತಿಯ ಹೆಣಿಗೆ, ಹೊರಗೆ ಮತ್ತೆ ರಬ್ಬರಿನ ಹೊದಿಕೆ. ಅರ್ಧ ಇಂಚಿನ ಪೈಪಿನಲ್ಲಿ ಒಂದೇ ಹೆಣಿಗೆ ಇದ್ದರೆ ಚದರ ಸೆಂಟಿಮೀಟರಿಗೆ ಸುಮಾರು 160 ಕಿಲೋ ಒತ್ತಡದ ತನಕ ಬಳಸಬಹುದಂತೆ. ಎರಡು ಹೆಣಿಗೆಯದಾದರೆ 275ರ ಹತ್ತಿರ. ನಮ್ಮ ಮನೆಯ ಕುಕ್ಕರು ಕೂಗುವುದು ಬರೀ ಒಂದು ಕಿಲೋ ಒತ್ತಡಕ್ಕೆ. ಅದರ ಸೀಟಿ ಕೂತಿಲ್ಲವೆಂದರೆ ನಾವು ಅಡುಗೆಮನೆ ಬಿಟ್ಟು ಹಜಾರಕ್ಕೆ ಓಡುತ್ತೇವೆ. ಈ ಪೈಪಿನೊಳಗೆ ಅದರ ನೂರೈವತ್ತು ಪಟ್ಟು. ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಐವತ್ತು ಕಿಲೋದ ಮೂರು ಅಕ್ಕಿ ಮೂಟೆ ಹೇರಿದ ಹಾಗೆ.

ಅವರು ಹೇಳುತ್ತ ಹೋದಂತೆ ನನಗೆ ಒಂದು ಬಗೆಯ ನಾಚಿಕೆ ಶುರುವಾಯಿತು. ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವನ್ನು ಇಪ್ಪತ್ತೇಳು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಅವನು ಅದನ್ನು ಬರೆದಿಟ್ಟ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. ಜೋಸೆಫ್ ಬ್ರಾಮಾ ಅದನ್ನೇ ನೆಚ್ಚಿ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು 1795ರಲ್ಲಿ. ಇದೆಲ್ಲ ಬಾಯಿಪಾಠ. ಸಣ್ಣ ಕೊಳವೆ, ದೊಡ್ಡ ಕೊಳವೆ, ನಡುವೆ ಗೆರೆ ಎಳೆದ ನೀರು. ನಾಲ್ಕು ಅಂಕದ ಪ್ರಶ್ನೆ. ಅದೇ ನಿಯಮ ನಮ್ಮ ತೋಟದಲ್ಲಿ ಎಣ್ಣೆಯಾಗಿ ಓಡಾಡುತ್ತಿದೆ ಎಂದು ಒಂದು ದಿನಕ್ಕೂ ಹೊಳೆದಿರಲಿಲ್ಲ.

ತುದಿಯ ನಟ್ಟುಗಳ ಕತೆ ಬೇರೆ. ಬಾಚಣಿಗೆಯ ಹಲ್ಲಿನಂಥ ಒಂದು ಸಾಧನವನ್ನು ಥ್ರೆಡ್ಡಿನ ಮೇಲಿಟ್ಟು, ದೀಪಕ್ಕೆ ಹಿಡಿದು ನೋಡಿದರು. ಒಂದು ತುದಿ ಮಿಲಿಮೀಟರಿನ ಲೆಕ್ಕದ್ದು, ಟ್ರಾಕ್ಟರಿನ ಕಡೆಯದು. ಇನ್ನೊಂದು ಇಂಚಿನ ಲೆಕ್ಕದ ಬ್ರಿಟಿಷ್ ಥ್ರೆಡ್ಡು, ಲೋಡರಿನ ಕಡೆಯದು. 1841ರಲ್ಲಿ ವಿಟ್‌ವರ್ತ್ ಎಂಬ ಇಂಗ್ಲಿಷಿನವನು ಕಟ್ಟಿಕೊಟ್ಟ 55 ಡಿಗ್ರಿಯ ಹಲ್ಲು ಅದರಲ್ಲಿ ಇನ್ನೂ ಇದೆ. ಮಿಲಿಮೀಟರಿನದು 60 ಡಿಗ್ರಿ. ಬ್ರಿಟಿಷ್ ಅರ್ಧ ಇಂಚಿನದ್ದರ ಹೊರಗಿನ ಅಳತೆ ಇಪ್ಪತ್ತೊಂದು ಮಿಲಿಮೀಟರಿಗೆ ಕೂದಲೆಳೆ ಕಡಿಮೆ, ಇನ್ನೊಂದರದು ಇಪ್ಪತ್ತೆರಡು. ಒಂದಕ್ಕೊಂದು ತೊಡಿಸಿದರೆ ಒಂದೆರಡು ಸುತ್ತು ಹಿಡಿದುಕೊಳ್ಳುತ್ತದೆ, ಬಿಗಿಯಾಯಿತು ಅನ್ನಿಸುತ್ತದೆ, ಹೊರೆ ಬಿದ್ದಾಗ ಕಿತ್ತುಕೊಂಡು ಬರುತ್ತದೆ. "ಬೇರೆ ಬೇರೆ ಮನೆತನದವು ಮೇಡಂ. ನೋಡೋಕೆ ಒಂದೇ ಥರ ಇರ್ತಾವೆ" ಎಂದು ನಕ್ಕರು.

ಎಲ್ಲ ಕೇಳಿದ ಮೇಲೆ ನಾನು ಮಾಡಿದ್ದೇನು ಗೊತ್ತೆ? ಚೌಕಾಶಿ. ಅವರು ಹೇಳಿದ ಬೆಲೆಗೆ ಎರಡು ಹೆಣಿಗೆಯದು ಬೇಡ, ಮೊದಲಿದ್ದಂಥದ್ದೇ ಒಂದು ಕೊಡಿ, ಹಳೆಯ ನಟ್ಟನ್ನೇ ಹಾಕಿ, ಈ ಸೀಸನ್ ಒಂದು ಮುಗಿಯಲಿ ಎಂದೆ. ಸೊಪ್ಪಿನವಳ ಹತ್ತಿರ ಇನ್ನೊಂದು ಕಟ್ಟು ಕೇಳುವ ದನಿಯಲ್ಲೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಒಮ್ಮೆ ಅಮುಕಿದ ಬಳೆಯನ್ನು ಮತ್ತೆ ಅಮುಕಲು ಬರುವುದಿಲ್ಲ ಎಂದರು. ಒಂದು ಒಡೆದಿದೆ ಎಂದರೆ ಅದರ ಜೊತೆಯವೂ ಅಷ್ಟೇ ಹಳತಾಗಿರುತ್ತವೆ, ಎಲ್ಲವನ್ನೂ ನೋಡದೆ ತಾನು ಏನೂ ಹೇಳಲಾರೆ ಎಂದರು. ಆಮೇಲೆ, ಪೈಪು ಕತ್ತರಿಸುವ ಬ್ಲೇಡನ್ನು ಒರೆಸುತ್ತಾ, "ಬಕೆಟ್ ಮೇಲಿದ್ದಾಗ ಅದರ ಕೆಳಗೆ ಯಾರು ಓಡಾಡ್ತಾರೆ ಮೇಡಂ?" ಎಂದು ಕೇಳಿದರು.

ಯಾರು ಓಡಾಡುತ್ತಾರೆ? ಡ್ರೈವರು ಓಡಾಡುತ್ತಾನೆ, ಗುದ್ದಲಿ ಹಿಡಿದ ಇಬ್ಬರು ಹೆಂಗಸರು ಓಡಾಡುತ್ತಾರೆ. ನಾನು ದೂರದಲ್ಲಿ ಮಾವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಲೋಡು ಎಣಿಸುತ್ತೇನೆ.

ಉತ್ತರಕ್ಕೆ ಕಾಯದೆ ಇನ್ನೊಂದು ಕೇಳಿದರು. "ಒಡೆಯೋಕೆ ಮುಂಚೆ ಸೋರ್ತಾ ಇತ್ತಾ? ಎಲ್ಲಿ ಸೋರ್ತಿದೆ ಅಂತ ಹೆಂಗೆ ನೋಡಿದ್ರು?"

ಇದು ನನಗೆ ಗೊತ್ತಿತ್ತು, ಕಣ್ಣಾರೆ ಕಂಡಿದ್ದೆ. ಇಂಜಿನ್ ಓಡುತ್ತಿದ್ದಾಗಲೇ ಡ್ರೈವರು ಕೈಯನ್ನು ಪೈಪಿನ ಉದ್ದಕ್ಕೂ ಸವರಿಕೊಂಡು ಹೋಗಿ, "ಇಲ್ಲಿ ನೋಡಿ ಅಮ್ಮ" ಎಂದು ತೋರಿಸಿದ್ದ. ಸೋರುವ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದ. ಅದನ್ನು ಹೇಳಿದಾಗ ಅವರ ಮುಖ ಬದಲಾಯಿತು. ಸೂಜಿಮೊನೆಯಷ್ಟು ತೂತಿನಿಂದ ಹಾಯುವ ಎಣ್ಣೆ ಕಣ್ಣಿಗೆ ಕಾಣದಷ್ಟು ಸಪೂರ ಇರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ, ಕೈಗವಸೂ ತಡೆಯುವುದಿಲ್ಲ. ಹೊರಗೆ ಸೊಳ್ಳೆ ಕಚ್ಚಿದಷ್ಟೇ ಗುರುತು, ಮೊದಮೊದಲು ನೋವೂ ಇರುವುದಿಲ್ಲ. ಒಳಗೆ ಸ್ನಾಯುವಿನ ಸಂದಿಯಲ್ಲಿ ಎಣ್ಣೆ ಹರಡುತ್ತ ಹೋಗುತ್ತದೆ. ಆ ದಿನವೇ ಕೈ ಕೊಯ್ದು ತೊಳೆಯದಿದ್ದರೆ ಬೆರಳೋ ಕೈಯೋ ಹೋಗುತ್ತದೆ. ಮುಲಾಮು ಪಟ್ಟಿಗೆ ಬಗ್ಗುವಂಥದ್ದಲ್ಲ. "ಸೋರಿಕೆ ನೋಡ್ಬೇಕಂದ್ರೆ ರಟ್ಟು ಹಿಡೀಬೇಕು. ಕೈಯಲ್ಲ. ಮೊದ್ಲು ಹೋಗಿ ಅವನ ಕೈ ನೋಡಿ, ಟೀಚರಮ್ಮ. ಪೈಪು ನಾಳೆ ಮಾಡಣ."

ನಾನು ಟೀಚರೆಂದು ನಾನೇನೂ ಹೇಳಿರಲಿಲ್ಲ.

ಆಟೋ ಹಿಡಿದು ನೇರ ತೋಟಕ್ಕೆ ಹೋದೆ. ಹದಿನೇಳು ಹದಿನೆಂಟು ಮೈಲಿಯ ದಾರಿ ಅಷ್ಟು ಉದ್ದವೆಂದು ಅವತ್ತೇ ಗೊತ್ತಾದದ್ದು. ಡ್ರೈವರು ಹಲಸಿನ ಮರದ ಕೆಳಗೆ ಬೀಡಿ ಸೇದುತ್ತ ಕುಳಿತಿದ್ದವನು ನನ್ನನ್ನು ನೋಡಿ ಬೀಡಿ ಮುಚ್ಚಿಟ್ಟ. ಕೈ ತೋರಿಸು ಎಂದೆ. ಬೀಡಿಗೆ ಬೈಯುತ್ತೇನೆಂದು ಹೆದರಿ ಬೇರೆ ಕೈ ತೋರಿಸಿದ. ಎರಡೂ ಕೈ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದೆ. ಹತ್ತು ವರ್ಷದಿಂದ ನಮ್ಮಲ್ಲಿ ದುಡಿದವನ ಅಂಗೈಯನ್ನು ನಾನು ನೋಡಿದ್ದು ಅದೇ ಮೊದಲು. ಬಲಗೈಯ ತೋರುಬೆರಳ ಬುಡದಲ್ಲಿ ಒಂದು ಕಪ್ಪು ಚುಕ್ಕೆ ಇತ್ತು. ಇದೇನು ಎಂದರೆ "ಮುಳ್ಳಿರ್ಬೇಕಮ್ಮ" ಎಂದ. ಯಾವಾಗ ಚುಚ್ಚಿದ್ದು ಎಂದರೆ ಗೊತ್ತಿಲ್ಲ ಎಂದ. ಬೇಡ ಬೇಡ ಎನ್ನುತ್ತಿದ್ದವನನ್ನು ಅದೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಡಾಕ್ಟರು ಒತ್ತಿ, ಬೆರಳು ಮಡಿಸಿಸಿ, ಸೂಜಿಯಿಂದ ಕೆದಕಿದರೆ ನಿಜವಾಗಿಯೂ ಮುಳ್ಳೇ ಬಂತು.

ಆಟೋದಲ್ಲಿ ಬರುವಾಗ ಅವನು ಒಂದು ಮಾತು ಹೇಳಿದ. ಆಕ್ಷೇಪಣೆಯ ದನಿಯಲ್ಲಲ್ಲ, ಸುಮ್ಮನೆ ನೆನಪಿಸುವ ಹಾಗೆ. "ಹೋದ ವಾರಾನೇ ಹೇಳಿದ್ನಲ್ಲಮ್ಮ, ಪೈಪ್ ಹೋಗ್ತದೆ ಅಂತ. ನೀವೇ ಈ ಸೀಸನ್ ಮುಗೀಲಿ ಅಂದ್ರಿ."

ಅಂದಿದ್ದೆ. ನಾನು ಮರೆತೇ ಬಿಟ್ಟಿದ್ದೆ. ಫೋನಿನಲ್ಲಿ ಒಗ್ಗರಣೆಗೆ ಸಾಸಿವೆ ಹಾಕುತ್ತಾ ಅಂದಿದ್ದು.

ಮುಳ್ಳು ಬಂತು, ಎಣ್ಣೆಯಲ್ಲ. ಹಾಗಾದರೆ ನನ್ನ ತಪ್ಪು ಏನಾದರೂ ಇದೆಯೇ? ಈ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಏನೂ ಆಗಲಿಲ್ಲವಲ್ಲ ಎನ್ನುವುದು ಎಷ್ಟು ನೆಮ್ಮದಿಯ ಮಾತು! ಹಾಲು ಉಕ್ಕುವ ಮೊದಲು ಒಲೆ ಆರಿಸಿದರೆ ಹಾಲು ಇಟ್ಟು ಮರೆತದ್ದು ಲೆಕ್ಕಕ್ಕಿಲ್ಲ. ಆದರೆ ಅಲ್ಲಿ ಒಲೆ ಆರಿಸಿದವಳು ನಾನಲ್ಲ. ಅವನ ಕೈ ತೂತಿನ ಎದುರು ಬಾರದೆ, ಅರ್ಧ ಗೇಣು ಆಚೆಗೋ ಈಚೆಗೋ ಸರಿದದ್ದು ಅವನ ಅದೃಷ್ಟ. ಆ ಅರ್ಧ ಗೇಣಿನ ಪುಣ್ಯವನ್ನು ನನ್ನ ಖಾತೆಗೆ ಬರೆದುಕೊಳ್ಳಲು ಆಗುವುದಿಲ್ಲ.

ರಾತ್ರಿ ನಮ್ಮವರ ಹತ್ತಿರ ಹೇಳಿದಾಗ ಅವರು ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಡ್ರೈವರಿನ ಮಗಳ ಓದಿಗೆ ಫೀಸು ಕಟ್ಟಿದವರು. "ನೀನು ಎಲ್ಲಾದಕ್ಕೂ ಹೀಗೆ ಯೋಚನೆ ಮಾಡ್ತಾ ಕೂತ್ರೆ ತೋಟ ನಡೆಯಲ್ಲ ಕಣೇ. ಕೊನೆಗಾರ ಐವತ್ತು ಅಡಿ ಮರ ಹತ್ತಿ, ಮರದಿಂದ ಮರಕ್ಕೆ ಹಾರ್ತಾನೆ. ಅವನನ್ನೂ ಬೇಡ ಅಂತೀಯಾ?" ಎಂದರು. ಪೈಪನ್ನು ಮಾಡುವಾಗಲೇ ಬಳಕೆಯ ಒತ್ತಡದ ನಾಲ್ಕು ಪಟ್ಟು ತಡೆಯುವಂತೆ ಮಾಡಿರುತ್ತಾರೆ, ಅರ್ಧ ಸವೆದರೂ ಎರಡು ಪಟ್ಟು ಉಳಿಯಿತಲ್ಲ ಎಂದು ಲೆಕ್ಕವನ್ನೂ ಹೇಳಿದರು.

ಲೆಕ್ಕದ ಮಾತಿಗೆ ಮರುದಿನ ಪೈಪಿನವರೇ ಉತ್ತರ ಕೊಟ್ಟರು. ಆ ನಾಲ್ಕು ಪಟ್ಟು ನಮಗೆ ಖರ್ಚು ಮಾಡಲು ಕೊಟ್ಟದ್ದಲ್ಲ. ತುಂಬಿದ ಬಕೆಟ್ಟು ಹಿಡಿದು ಟ್ರಾಕ್ಟರ್ ಬದುವಿನ ಮೇಲೆ ಒಮ್ಮೆ ಕುಲುಕಿದರೆ ಒಳಗಿನ ಒತ್ತಡ ಒಂದು ಕ್ಷಣ ಎಲ್ಲಿಗೋ ಏರುತ್ತದೆ, ಅದು ಆ ಕ್ಷಣದ ಖರ್ಚಿಗೆ.

ಕೊನೆಗಾರನ ಮಾತಿಗೆ ಮಾತ್ರ ಉತ್ತರ ಸುಲಭವಿರಲಿಲ್ಲ, ಬಹಳ ದಿನ ಯೋಚಿಸಿದ್ದೇನೆ. ಕೊನೆಗಾರನೂ ಪ್ರಾಣ ಒತ್ತೆಯಿಟ್ಟೇ ದುಡಿಯುವವನು. ಆದರೆ ಅವನು ಮರ ಹತ್ತುವ ಮೊದಲು ಅದನ್ನು ಕೈಯಿಂದ ಅಲ್ಲಾಡಿಸುತ್ತಾನೆ, ಹಿಂಗಾರ ನೋಡುತ್ತಾನೆ, ಬುಡದಲ್ಲಿ ಹಿಸುಕಿ ನೋಡುತ್ತಾನೆ. ಬೇಡವೆನಿಸಿದರೆ "ಇದು ಬ್ಯಾಡ" ಎಂದು ಮುಂದಿನ ಮರಕ್ಕೆ ಹೋಗುತ್ತಾನೆ, ನಮ್ಮವರೂ ಎದುರಾಡುವುದಿಲ್ಲ. ಅಲ್ಲಿ ಅಪಾಯವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಅವನೇ. ಬೇಡವೆನ್ನುವ ಹಕ್ಕೂ ಅವನದೇ. ಪೈಪಿನ ಮುಂದೆ ನಿಂತ ಡ್ರೈವರಿಗೆ ಎರಡೂ ಇರಲಿಲ್ಲ. ಅವನಿಗೆ ಒಳಗಿನ ಒತ್ತಡ ಕಾಣುವುದಿಲ್ಲ. ಪೈಪು ಹೋಗುತ್ತದೆ ಎಂದು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. "ಏನೂ ಆಗಲ್ಲ ಬಿಡಿ ಅಮ್ಮ" ಎಂದು ಆಮೇಲೆ ಅವನೇ ಹೇಳಿದ್ದ, ನಿಜ. ಸಂಬಳ ಕೊಡುವವಳು ಈ ಸೀಸನ್ ಮುಗಿಯಲಿ ಎಂದ ಮೇಲೆ ಅವನು ಬೇರೆ ಏನು ಹೇಳಬೇಕಿತ್ತು? ಅದನ್ನು ಒಪ್ಪಿಗೆ ಎಂದು ಕರೆಯಬಹುದೇ? ನಾವು ಹೆಂಗಸರಿಗೆ ಈ ಬಗೆಯ ಒಪ್ಪಿಗೆಯ ಪರಿಚಯ ಚೆನ್ನಾಗಿಯೇ ಇದೆ. "ನಿನಗೇನೂ ತೊಂದರೆ ಇಲ್ಲ ತಾನೆ?" ಎಂದು ಕೇಳಿದಾಗ ಎಷ್ಟು ಸಲ ಇಲ್ಲವೆಂದಿದ್ದೇವೆ! ಕೇಳುವವರಿಗೆ ಬೇಕಾದ ಉತ್ತರ ಆ ಪ್ರಶ್ನೆಯ ಹೊಟ್ಟೆಯಲ್ಲೇ ಇರುತ್ತದೆ. ಅದೇ ಪ್ರಶ್ನೆಯನ್ನು ನಾನು ಇನ್ನೊಬ್ಬರಿಗೆ ಕೇಳುವ ಜಾಗದಲ್ಲಿ ಕುಳಿತಾಗ ಅದು ಪ್ರಶ್ನೆಯಂತೆಯೇ ಕಾಣಿಸಿತು.

ನನಗೆ ಗೊತ್ತಿರಲಿಲ್ಲವಲ್ಲ, ಗೊತ್ತಿಲ್ಲದ್ದಕ್ಕೆ ಹೊಣೆ ಎಲ್ಲಿಯದು ಎಂದೂ ವಾದಿಸಿ ನೋಡಿಕೊಂಡೆ. ಆದರೆ ಪ್ಯಾಸ್ಕಲ್ ಅಡ್ಡ ಬರುತ್ತಾನೆ. ಗೊತ್ತಿತ್ತು. ಇಪ್ಪತ್ತೇಳು ವರ್ಷ ಗೊತ್ತಿತ್ತು. ಅದು ಉತ್ತರ ಪತ್ರಿಕೆಯಲ್ಲಿ ಇರಬೇಕಾದ ಸಂಗತಿ ಎಂದುಕೊಂಡಿದ್ದೆ, ತೋಟದ ಗೇಟು ದಾಟಿ ಒಳಗೆ ಬರುತ್ತದೆ ಎಂದುಕೊಂಡಿರಲಿಲ್ಲ. ಪಿಯುಸಿ ದಾಟದ ಆ ಪೈಪಿನವರು ನಾನು ಅಂಕ ಕೊಟ್ಟ ನಿಯಮವನ್ನು ಇನ್ನೊಬ್ಬರ ಅಂಗೈಗೆ ಹೊಂದಿಸಿ ನೋಡುತ್ತಿದ್ದರು. ಇಲ್ಲಿ ಇನ್ನೊಂದು ಗಮನಿಸಿದೆ. ಬರೆಯುವಾಗ ಅವರನ್ನು ‘ಅವರು’ ಎನ್ನುತ್ತಿದ್ದೇನೆ, ಡ್ರೈವರನ್ನು ‘ಅವನು’ ಎಂದು. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ತಿದ್ದೋಣವೆಂದು ಎರಡು ಸಲ ಪೆನ್ನು ಎತ್ತಿದೆ. ತಿದ್ದಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆ ಎಂದು ಹಾಗೇ ಬಿಟ್ಟೆ.

ಮರುದಿನ ನನ್ನ ಬಟ್ಟೆ ಹೊಲಿಯುವ ಟೇಪು ಹಿಡಿದು ತೋಟಕ್ಕೆ ಹೋದೆ. ಪೈಪಿನವರು ಹೇಳಿ ಕಳಿಸಿದ್ದರು: ಹಳೆಯ ಪೈಪಿನ ಉದ್ದವನ್ನೇ ತರಬೇಡಿ, ಅದನ್ನು ಗಿಡ್ಡ ಮಾಡಿದ್ದಕ್ಕೇ ಎಳೆದು ಎಳೆದು ಸತ್ತಿದೆ. ಲೋಡರಿನ ಕೈ ಪೂರ್ತಿ ಮೇಲೆ ಹೋದಾಗ ಎಷ್ಟು, ಪೂರ್ತಿ ಕೆಳಗೆ ಬಂದಾಗ ಎಷ್ಟು, ಎಲ್ಲೆಲ್ಲಿ ಕಬ್ಬಿಣಕ್ಕೆ ಉಜ್ಜುತ್ತದೆ, ಎಲ್ಲ ನೋಡಿಕೊಂಡು ಬನ್ನಿ. ಒತ್ತಡ ಹಾಯ್ದಾಗ ಪೈಪು ತುಸು ಕುಗ್ಗುವುದೂ ಉಂಟು, ಬಿಗಿದ ತಂತಿಯ ಹಾಗೆ ಕಟ್ಟಬಾರದು. ಒಡೆದ ಪೈಪಿಗೆ ಪಕ್ಕದ ಊರಿನವರೊಬ್ಬರಿಂದ ಸಾಲ ತಂದ ಪೈಪನ್ನು ಹಾಕಿ, ಖಾಲಿ ಬಕೆಟ್ಟನ್ನು ಡ್ರೈವರು ಒಂದು ಸಲ ಎತ್ತಿ ಇಳಿಸಿದ. ಆ ಹೊತ್ತಿನಲ್ಲಿ ಎಲ್ಲರನ್ನೂ ಮೂವತ್ತು ಅಡಿ ದೂರ ನಿಲ್ಲಿಸಿದ್ದೆ. ಗುದ್ದಲಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆಮೇಲೆ ಬಕೆಟ್ಟನ್ನು ನೆಲಕ್ಕೆ ಕೂರಿಸಿ, ಇಂಜಿನ್ ಆರಿಸಿ, ಒಳಗೆ ಉಳಿದ ಒತ್ತಡ ಇಳಿಯಲೆಂದು ಲಿವರನ್ನು ಆಚೀಚೆ ಆಡಿಸಿ, ಆರು ಪೈಪನ್ನೂ ಬಿಚ್ಚಿದೆವು. ಎರಡರಲ್ಲಿ ಹೊರಗಿನ ರಬ್ಬರು ಪೂರ್ತಿ ಸವೆದು ಒಳಗಿನ ತಂತಿ ತುಕ್ಕು ಹಿಡಿದಿತ್ತು. ಒಂದರ ನಟ್ಟನ್ನು ಬೆರಳಿನಲ್ಲೇ ತಿರುಗಿಸಬಹುದಿತ್ತು.

ಆರಕ್ಕೂ ಸೇರಿ ಆದ ಖರ್ಚು ನನ್ನ ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆ. ಉಜ್ಜುವ ಕಡೆಗೆಂದು ಸುರುಳಿಯ ಪ್ಲಾಸ್ಟಿಕ್ ಕವಚವನ್ನೂ ಹಾಕಿಕೊಟ್ಟರು. ಚೀಟಿಯಲ್ಲಿ ಪೈಪು, ನಟ್ಟು, ಅಮುಕಿದ ಕೂಲಿ ಇಷ್ಟೇ ಇತ್ತು. ಎರಡು ದಿನ ನನಗೆ ಹೇಳಿಕೊಟ್ಟದ್ದಕ್ಕೆ, ಕೈ ನೋಡಿ ಎಂದು ಓಡಿಸಿದ್ದಕ್ಕೆ ಅದರಲ್ಲಿ ಸಾಲೇ ಇರಲಿಲ್ಲ. ಅದಕ್ಕೆ ಏನು ಕೊಡಬೇಕು ಎಂದು ಕೇಳಲು ಬಾಯಿ ಬರಲಿಲ್ಲ. ಕೇಳಿದ್ದರೆ ಅವಮಾನವಾಗುತ್ತಿತ್ತೋ ಏನೋ. ಚೌಕಾಶಿ ಮಾಡಲಿಲ್ಲ, ಅಷ್ಟೆ. ಮುಂದಿನ ತಿಂಗಳು ತೋಟದ ಬಾಳೆಗೊನೆಯೊಂದನ್ನು ಕೊಟ್ಟು ಬಂದೆ. ಅವರು ಗೊನೆಗಿಂತ ಮೊದಲು, "ಬದುವಿನ ಹತ್ರ ನಿಧಾನ ಹೊಡೀತಾನಾ?" ಎಂದು ಕೇಳಿದರು.

ಪೈಪುಗಳನ್ನು ಹಾಕಿದ ದಿನ ನಾನು ಮನೆಯಿಂದ ಸೀರೆಯ ಪೆಟ್ಟಿಗೆಯ ರಟ್ಟು ಹರಿದು ತಂದಿದ್ದೆ. ಡ್ರೈವರು ಅದನ್ನು ಪ್ರತಿ ಜೋಡಣೆಯ ಹತ್ತಿರ ಹಿಡಿದು ತೋರಿಸಿದ. ಎಲ್ಲೂ ಕಲೆಯಾಗಲಿಲ್ಲ. ಎರಡು ದಿನದಲ್ಲಿ ಗೋಡು ಹೊಡೆದು ಮುಗಿಯಿತು. ಮಳೆ ಆ ವರ್ಷ ನಮಗಾಗಿ ಕಾಯಿತು ಅನ್ನಿ.

ಅವನ ಹತ್ತಿರ ತಪ್ಪಾಯಿತು ಎಂದು ಹೇಳಬೇಕಿತ್ತು. ಹೇಳಬೇಕೆಂದು ಆ ವಾರ ಮೂರು ಸಲ ಎದುರಿಗೆ ಹೋದೆ. ಟ್ರಾಕ್ಟರಿನ ಡೀಸೆಲ್ಲು ಕೇಳಿದೆ, ಮಗಳ ರಿಸಲ್ಟು ಕೇಳಿದೆ. ನನ್ನಂಥವರಿಗೆ ಆ ಎರಡು ಶಬ್ದಕ್ಕಿಂತ ನೋಟು ಎಣಿಸುವುದು ಸುಲಭ. ಶನಿವಾರದ ಬಟವಾಡೆಯಲ್ಲಿ ಅವನ ಲಕೋಟೆಗೆ ಎರಡು ಸಾವಿರ ಹೆಚ್ಚು ಹಾಕಿದೆ. ಎಣಿಸಿ ನೋಡಿ ವಾಪಸು ಬಂದ.

"ಇದ್ಯಾಕಮ್ಮ, ಜಾಸ್ತಿ ಬಂದಿದೆ?"

"ಇರಲಿ, ಇಟ್ಕೋ. ಗೌರಿ ಹಬ್ಬಕ್ಕೆ."

"ಗೌರಿ ಹಬ್ಬ ಇನ್ನೂ ಎಲ್ಲಿದೆಯಮ್ಮ?" ಎಂದ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಲಕೋಟೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಟ್ರಾಕ್ಟರಿನ ಕಡೆ ಹೋದ.